ವಿದ್ಯುತ್ ಕಾರೂ ಎರಡನೆಯ ಒಡೆಯನೂ

ವಿದ್ಯುಚ್ಛಕ್ತಿಯಿಂದ ನಡೆಯುವ ಕಾರನ್ನು ಕೊಳ್ಳಬೇಕೇ ಬೇಡವೇ ಎಂಬ ಚರ್ಚೆಯು ಈಗ ನಮ್ಮ ಪಟ್ಟಣಗಳ ಕಚೇರಿಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ನಡೆಯುತ್ತಿರುವುದನ್ನು ನಮ್ಮ ವಾಚಕರು ಬಲ್ಲರು. ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಎರಡೇ ಪ್ರಶ್ನೆಗಳಲ್ಲಿ. ಬ್ಯಾಟರಿಯು ಎಷ್ಟು ವರ್ಷ ಬಾಳುವುದು? ಐದಾರು ವರ್ಷಗಳ ಮೇಲೆ ಗಾಡಿಯನ್ನು ಮಾರಹೊರಟರೆ ಕೊಳ್ಳುವವರು ಯಾರು, ಅವರು ಕೊಡುವ ಬೆಲೆಯೆಷ್ಟು? ಈ ಶಂಕೆಗಳೆಲ್ಲ ಅಜ್ಞಾನಮೂಲವಾದವು, ಜನರಿಗೆ ತಿಳಿವಳಿಕೆ ಕೊಟ್ಟರೆ ತಾವಾಗಿಯೇ ಕರಗಿಹೋಗುವುವು ಎಂದು ತಯಾರಕರೂ ಅಧಿಕಾರಿಗಳೂ ಹೇಳುತ್ತ ಬಂದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಹತ್ತು ಹದಿನೈದು ಲಕ್ಷ ರೂಪಾಯಿಗಳನ್ನು ಕಷ್ಟಪಟ್ಟು ಕೂಡಿಸಿ, ಅಥವಾ ಬ್ಯಾಂಕಿನಲ್ಲಿ ಸಾಲಮಾಡಿ ತೆರುವ ಗೃಹಸ್ಥನು, ಕೈಬಿಡುವ ದಿನದ ಬೆಲೆಯನ್ನು ಕೊಳ್ಳುವ ದಿನವೇ ಯೋಚಿಸುವುದು ವಿವೇಕವೇ ಹೊರತು ಅಜ್ಞಾನವಲ್ಲ. ಉತ್ತರ ಕೊಡಬೇಕಾದವರು ಕೊಟ್ಟಿಲ್ಲವೆಂಬುದೇ ನಮ್ಮ ಆಕ್ಷೇಪ.

ಮೊದಲು ಬೇಡಿಕೆಯ ಸಂಗತಿ. ೨೦೨೪ರಲ್ಲಿ ಇಡೀ ಭಾರತದಲ್ಲಿ ಬಿಕರಿಯಾದ ವಿದ್ಯುತ್ ಕಾರುಗಳು ಸುಮಾರು ಒಂದು ಲಕ್ಷ. ೨೦೨೫ರಲ್ಲಿ ಒಂದೂಮುಕ್ಕಾಲು ಲಕ್ಷದ ಸಮೀಪ. ಬೆಳವಣಿಗೆಯು ಅಲ್ಪವೇನೂ ಅಲ್ಲ. ಆದರೆ ವರ್ಷಕ್ಕೆ ನಾಲ್ವತ್ತು ಲಕ್ಷಕ್ಕೆ ಮೇಲ್ಪಟ್ಟು ಕಾರುಗಳು ಮಾರುವ ದೇಶದಲ್ಲಿ ಇದು ನೂರಕ್ಕೆ ನಾಲ್ಕರಷ್ಟು ಮಾತ್ರ. ಈ ನಾಲ್ವರಲ್ಲಿಯೂ ಬಹುಮಂದಿ, ನಮ್ಮ ಕಣ್ಣಿಗೆ ಬಿದ್ದ ಮಟ್ಟಿಗೆ, ಸ್ವಂತ ಮನೆಯೂ ಗಾಡಿ ನಿಲ್ಲಿಸಲು ಸ್ವಂತ ಸ್ಥಳವೂ ಉಳ್ಳವರು. ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಗಾಡಿಯನ್ನು ಇಟ್ಟುಕೊಂಡವರು. ಇರುವುದೊಂದೇ ಕಾರು, ಅದನ್ನೇ ಏಳೆಂಟು ವರ್ಷ ಓಡಿಸಿ, ಮಾರಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಮುಂದಿನದನ್ನು ಕೊಳ್ಳುವ ಮಧ್ಯಮವರ್ಗದವನು ಇನ್ನೂ ಹೊಸ್ತಿಲಿನ ಹೊರಗೇ ನಿಂತಿದ್ದಾನೆ. ಅವನು ಒಳಗೆ ಬಾರದೆ ಬೇಡಿಕೆಯು ಬೆಳೆಯದು.

ಈ ವಿಷಯದಲ್ಲಿ ಬೆಂಗಳೂರಿನವರಿಗೆ ಹಳೆಯದೊಂದು ಅನುಭವವುಂಟು. ೨೦೦೧ರಲ್ಲಿ ಇದೇ ಊರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಮರೆತವರು ಕಡಿಮೆ. ಅದು ಲಂಡನ್ನಿನ ಬೀದಿಗಳಲ್ಲಿಯೂ ಬೇರೆ ಹೆಸರಿನಿಂದ ಓಡಿತು. ೨೦೧೦ರಲ್ಲಿ ಆ ಉದ್ಯಮವು ಮಹೀಂದ್ರ ಸಂಸ್ಥೆಯವರ ಕೈಸೇರಿತು. ನಮ್ಮವರ ಬುದ್ಧಿಶಕ್ತಿಗೆ ಅದೊಂದು ನಿದರ್ಶನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಮೊದಲಿದ್ದುದು ಸೀಸದ ಬ್ಯಾಟರಿ. ಕೆಲವು ವರ್ಷಗಳಿಗೊಮ್ಮೆ ಅದನ್ನು ಕಿತ್ತು ಹೊಸದನ್ನು ಹಾಕಿಸಬೇಕಾಗುತ್ತಿತ್ತು. ಹಳೆಯ ರೇವಾ ಒಂದನ್ನು ಅಗ್ಗಕ್ಕೆ ಕೊಂಡವನು ಬ್ಯಾಟರಿಯ ಖರ್ಚನ್ನು ಕೇಳಿದಾಗ ಅಗ್ಗವೆಂಬುದರ ಅರ್ಥವನ್ನು ತಿಳಿಯುತ್ತಿದ್ದನು. ಇಂದಿನ ಕಾರುಗಳಲ್ಲಿರುವುದು ಲಿಥಿಯಂ ಬ್ಯಾಟರಿ. ಸೀಸಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೂ ಜನರ ನೆನಪು ಬೇಗ ಅಳಿಯತಕ್ಕದ್ದಲ್ಲ.

ಹಾಗಾದರೆ ಲಿಥಿಯಂ ಬ್ಯಾಟರಿಯು ಸವೆಯುವುದೇ ಇಲ್ಲವೇ? ಸವೆಯುತ್ತದೆ. ಬಿಸಿಲಿನ ತಾಪ, ಮೇಲಿಂದ ಮೇಲೆ ಅತಿವೇಗದ ಚಾರ್ಜಿಂಗು, ಪೂರ್ಣ ತುಂಬಿಸಿ ದಿನಗಟ್ಟಲೆ ನಿಲ್ಲಿಸುವುದು, ಇವು ಅದರ ಶತ್ರುಗಳು. ತಾಪದ ವಿಚಾರದಲ್ಲಿ ಜಪಾನಿನ ನಿಸಾನ್ ಕಂಪೆನಿಯವರ ಲೀಫ್ ಕಾರಿನ ಚರಿತ್ರೆಯು ನಮ್ಮವರು ಓದತಕ್ಕದ್ದಾಗಿದೆ. ೨೦೧೦ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಆ ಕಾರಿನ ಬ್ಯಾಟರಿಗೆ ದ್ರವದಿಂದ ತಂಪುಮಾಡುವ ಏರ್ಪಾಡು ಇರಲಿಲ್ಲ. ಎರಡು ಬೇಸಗೆ ಕಳೆಯುವಷ್ಟರಲ್ಲಿ, ೨೦೧೨ರಲ್ಲಿ, ಅಮೆರಿಕದ ಅರಿಝೋನ ಪ್ರಾಂತದ ಮರುಭೂಮಿಯ ಊರುಗಳಿಂದ ದೂರುಗಳು ಎದ್ದವು. ಪೂರ್ಣ ತುಂಬಿಸಿದರೂ ಗಾಡಿಯು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ವಿಷಯವು ನ್ಯಾಯಸ್ಥಾನದ ಮೆಟ್ಟಲೇರಿತು. ಕೊನೆಗೆ ಕಂಪೆನಿಯವರು, ಬ್ಯಾಟರಿಯ ಬಲವನ್ನು ತೋರಿಸುವ ಹನ್ನೆರಡು ಗೆರೆಗಳಲ್ಲಿ ಐದು ವರ್ಷ ಅಥವಾ ೬೦,೦೦೦ ಮೈಲಿಯೊಳಗೆ ಒಂಬತ್ತಕ್ಕಿಂತ ಕಡಿಮೆಯಾದರೆ ದುರಸ್ತುಮಾಡಿಕೊಡುವೆವೆಂಬ ಖಾತ್ರಿಯನ್ನು ಕೊಡಬೇಕಾಯಿತು. ಜನರು ಹಟಹಿಡಿದು ಕೇಳಿದ ಮೇಲೆ ಬಂದ ಖಾತ್ರಿಯದು. ರಾಯಚೂರು, ಕಲಬುರಗಿಗಳ ಬೇಸಗೆಯನ್ನು ಬಲ್ಲ ನಮ್ಮವರು ಇದನ್ನು ಮರೆಯಬಾರದು.

ಆದರೆ ಆ ಮಾತಿಗೆ ಈಗ ಹದಿನಾಲ್ಕು ವರ್ಷ. ಇಂದಿನ ಬಹುಪಾಲು ಕಾರುಗಳಲ್ಲಿ ಬ್ಯಾಟರಿಯನ್ನು ದ್ರವದಿಂದ ತಂಪಾಗಿಡುವ ವ್ಯವಸ್ಥೆಯಿದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಮಾರುವ ಗಾಡಿಗಳಲ್ಲಿರುವುದು ಕಬ್ಬಿಣ ಮತ್ತು ಫಾಸ್ಫೇಟುಗಳ ಬಗೆಯದು, ಅದು ತಾಪವನ್ನು ಇತರ ಬಗೆಗಳಿಗಿಂತ ಚೆನ್ನಾಗಿ ತಾಳಬಲ್ಲುದು, ಹೆಚ್ಚು ಬಾರಿ ತುಂಬಿ ಬರಿದಾದರೂ ಬಾಳುವುದು. ಕೆನಡಾ ದೇಶದ ಜಿಯೋಟ್ಯಾಬ್ ಎಂಬ ಸಂಸ್ಥೆಯವರು ಸುಮಾರು ೫,೦೦೦ ಗಾಡಿಗಳ ಲೆಕ್ಕವನ್ನು ಪರಿಶೀಲಿಸಿ, ಬ್ಯಾಟರಿಯ ಸವಕಳಿಯು ವರ್ಷಕ್ಕೆ ಸರಾಸರಿ ನೂರಕ್ಕೆ ೧.೮ರಷ್ಟೆಂದು ೨೦೨೪ರಲ್ಲಿ ಪ್ರಕಟಿಸಿದರು. ಈ ಲೆಕ್ಕದಂತೆ ಹತ್ತು ವರ್ಷಗಳ ಮೇಲೂ ನೂರರಲ್ಲಿ ಎಂಭತ್ತು ಪಾಲು ಬಲ ಉಳಿದಿರಬೇಕು. ನಮ್ಮ ಬಿಸಿಲಿಗೆ ಇನ್ನೊಂದಿಷ್ಟು ಕಳೆಯಿರಿ. ಆದರೂ ಎಂಟನೆಯ ವರ್ಷಕ್ಕೆ ಬ್ಯಾಟರಿಯು ಸತ್ತೇಹೋಗುವುದೆಂಬ ಜನಜನಿತವಾದ ಭಯಕ್ಕೆ ಆಧಾರವು ಕಾಣದು. ಬೆಂಕಿಯ ಭಯವನ್ನು ಹೇಳುವವರೂ ಉಂಟು. ೨೦೨೨ರ ಬೇಸಗೆಯಲ್ಲಿ ವಿದ್ಯುತ್ ಸ್ಕೂಟರುಗಳು ಹತ್ತಿ ಉರಿದ ಸಂಗತಿಯನ್ನು ಎಲ್ಲರೂ ಓದಿದ್ದಾರೆ. ಆಮೇಲೆ ಅದೇ ವರ್ಷದ ಡಿಸೆಂಬರಿನಿಂದ ಸರಕಾರದವರು ಬ್ಯಾಟರಿಯ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿದರು. ಮನಸ್ಸು ಮಾಡಿದರೆ ಸರಕಾರಕ್ಕೆ ತ್ವರೆಯೂ ಸಾಧ್ಯವೆಂಬುದಕ್ಕಾಗಿ ಇದನ್ನು ಇಲ್ಲಿ ಹೇಳಿದೆವು.

ಬ್ಯಾಟರಿಯು ಇಷ್ಟು ಗಟ್ಟಿಯಾಗಿದ್ದರೆ ಹಳೆಯ ಗಾಡಿಯ ಬೆಲೆಯೇಕೆ ಬೀಳಬೇಕು? ಇಲ್ಲಿ ಒಂದು ವಿಪರೀತವಿದೆ. ಹೊಸದು ಅಗ್ಗವಾಗುತ್ತಿರುವುದೇ ಹಳೆಯದಕ್ಕೆ ಮುಳುವು. ೨೦೨೪ರಲ್ಲಿ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆಯು ಒಂದೇ ವರ್ಷದಲ್ಲಿ ನೂರಕ್ಕೆ ೨೦ರಷ್ಟು ಇಳಿದು ಯೂನಿಟ್ಟಿಗೆ ೧೧೫ ಡಾಲರಿಗೆ ಬಂದಿತು. ಕಾರುಗಳ ಬೆಲೆಯೂ ಇಳಿಯಿತು. ೨೦೨೦ರ ಜನವರಿಯಲ್ಲಿ ಟಾಟಾದವರ ನೆಕ್ಸಾನ್ ವಿದ್ಯುತ್ ಕಾರು ಹೊರಬಂದಾಗ ಅದರ ಆರಂಭದ ಬೆಲೆ ೧೩.೯೯ ಲಕ್ಷ ರೂಪಾಯಿ. ೨೦೨೪ರ ಸೆಪ್ಟೆಂಬರಿನಲ್ಲಿ ಅದೇ ಹೆಸರಿನ, ಆದರೆ ಹಿಂದಿನದಕ್ಕಿಂತ ಸುಧಾರಿಸಿದ ಗಾಡಿಯು ೧೨.೪೯ ಲಕ್ಷದಿಂದ ದೊರೆಯಿತು. ನಾಲ್ಕು ವರ್ಷದ ಹಿಂದೆ ಹದಿನಾಲ್ಕು ಕೊಟ್ಟವನ ಗಾಡಿಯನ್ನು ಒಂಬತ್ತಕ್ಕೆ ಕೇಳುವವರು ಯಾರು, ಹೊಸದೇ ಹನ್ನೆರಡೂವರೆಗೆ ಅಂಗಡಿಯಲ್ಲಿ ನಿಂತಿರುವಾಗ? ದೊಡ್ಡವರೂ ಇದರಲ್ಲಿ ಪೆಟ್ಟುತಿಂದರು. ೨೦೨೧ರ ಅಕ್ಟೋಬರಿನಲ್ಲಿ ಒಂದು ಲಕ್ಷ ಟೆಸ್ಲಾ ಕಾರುಗಳನ್ನು ಕೊಳ್ಳುವೆವೆಂದು ಡಂಗುರ ಹೊಯ್ಸಿದ ಅಮೆರಿಕದ ಬಾಡಿಗೆ ಕಾರಿನ ಸಂಸ್ಥೆ ಹರ್ಟ್ಸ್, ೨೦೨೪ರ ಜನವರಿಯಲ್ಲಿ ೨೦,೦೦೦ ವಿದ್ಯುತ್ ಕಾರುಗಳನ್ನು ಮಾರಿಬಿಡುವೆವೆಂದು ಹೇಳಿ ಸುಮಾರು ೨೪.೫ ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಂಡಿತು. ನಡುವೆ, ೨೦೨೩ರ ಆದಿಯಲ್ಲಿ, ಟೆಸ್ಲಾದವರು ಹೊಸ ಗಾಡಿಗಳ ಬೆಲೆಯನ್ನು ಇಳಿಸಿದ್ದರು. ಕೋಟಿ ಕೋಟಿ ಬಂಡವಾಳದವರೇ ಮರುಮಾರಾಟದ ಲೆಕ್ಕದಲ್ಲಿ ಎಡವಿರುವಲ್ಲಿ, ತಿಂಗಳ ಸಂಬಳದವನು ಹಿಂಜರಿದರೆ ಅವನನ್ನು ಮೂಢನೆನ್ನಬಹುದೇ?

ಬೆಲೆಯ ಇಳಿತವು ಹೊಸ ಕುಶಲತೆಯ ಸಹಜ ಗುಣ. ರೇಡಿಯೋ, ಗಡಿಯಾರ, ಗಣಕಯಂತ್ರ ಎಲ್ಲಕ್ಕೂ ಹೀಗೆಯೇ ಆಯಿತು. ಅದನ್ನು ತಡೆಯೆಂದು ನಾವು ಯಾರನ್ನೂ ಕೇಳುವವರಲ್ಲ. ಇಳಿತವು ನ್ಯಾಯವಾದ ಮಟ್ಟದಲ್ಲಿ ನಿಲ್ಲದೆ ಇನ್ನೂ ಕೆಳಗೆ ಜಾರುತ್ತಿರುವುದಕ್ಕೆ ಬೇರೆ ಕಾರಣವಿದೆ. ಅದನ್ನು ಮಾತ್ರ ತಡೆಯಬಹುದು.

ನಮ್ಮ ರೈತನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದಾಗ ಎತ್ತಿನ ಬಾಯಿ ತೆರೆಯಿಸಿ ಹಲ್ಲು ನೋಡುತ್ತಾನೆ; ಸುಳಿ ನೋಡುತ್ತಾನೆ; ನಾಲ್ಕು ಹೆಜ್ಜೆ ನಡೆಯಿಸಿ ಕಾಲು ನೋಡುತ್ತಾನೆ. ಆಮೇಲಲ್ಲವೇ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು! ಪೆಟ್ರೋಲ್ ಕಾರನ್ನು ಕೊಳ್ಳುವವನೂ ಹಾಗೆಯೇ ತನ್ನ ಪರಿಚಯದ ಮೆಕ್ಯಾನಿಕ್ಕನನ್ನು ಕರೆದೊಯ್ಯುತ್ತಾನೆ. ಆತನು ಬಾನೆಟ್ಟು ಎತ್ತಿ, ಇಂಜಿನ್ನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ, ಇಂತಿಷ್ಟು ಬಾಳುವುದೆಂದು ಹೇಳುತ್ತಾನೆ. ವಿದ್ಯುತ್ ಕಾರಿಗೆ ಸದ್ದಿಲ್ಲ, ಹೊಗೆಯಿಲ್ಲ. ಅದರ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಆ ಬ್ಯಾಟರಿಯು ಗಾಡಿಯ ತಳದಲ್ಲಿ ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಕುಳಿತಿದೆ. ಅದರ ಆರೋಗ್ಯವನ್ನು ಬಲ್ಲದ್ದು ಒಳಗಿನ ಗಣಕವೊಂದೇ. ಆ ಗಣಕದ ಭಾಷೆಯನ್ನು ಬಲ್ಲವರು ತಯಾರಕರು. ಹೀಗಿರುವಲ್ಲಿ, ಅತ್ಯಂತ ಜೋಪಾನವಾಗಿ ಮನೆಯಲ್ಲಿಯೇ ಮೆಲ್ಲನೆ ಚಾರ್ಜುಮಾಡಿದವನ ಗಾಡಿಗೂ, ದಿನಕ್ಕೆ ಎರಡು ಸಲ ವೇಗದ ಚಾರ್ಜಿಂಗು ಮಾಡಿ ಟ್ಯಾಕ್ಸಿಯಾಗಿ ದುಡಿಸಿದ ಗಾಡಿಗೂ ಪೇಟೆಯಲ್ಲಿ ಭೇದವೇ ಕಾಣದು. ಭೇದ ಕಾಣದ ಪೇಟೆಯಲ್ಲಿ ಕೊಳ್ಳುವವನು ಎಲ್ಲವನ್ನೂ ಕೆಟ್ಟದ್ದೆಂದೇ ಎಣಿಸಿ ಬೆಲೆ ಕೂಗುತ್ತಾನೆ. ಜೋಪಾನ ಮಾಡಿದವನು ಅನ್ಯಾಯವಾಗಿ ನಷ್ಟಪಡುತ್ತಾನೆ.

ಇದಕ್ಕೆ ಪರಿಹಾರವೆಂದು ಕಂಪೆನಿಯವರು ಮುಂದಿಟ್ಟಿರುವುದು ಖಾತ್ರಿ. ಎಂಟು ವರ್ಷ ಅಥವಾ ೧,೬೦,೦೦೦ ಕಿಲೋಮೀಟರ್ ಎಂಬುದು ವಾಡಿಕೆಯಾಗಿತ್ತು. ಇತ್ತೀಚೆಗೆ ಒಬ್ಬರನ್ನು ನೋಡಿ ಒಬ್ಬರು 'ಆಜೀವ ಖಾತ್ರಿ' ಎಂಬ ದೊಡ್ಡ ಅಕ್ಷರಗಳ ಜಾಹೀರಾತನ್ನು ಹಾಕುತ್ತಿದ್ದಾರೆ. ಸಂತೋಷವೇ. ಆದರೆ ಕೆಳಗಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ. ಈ ಜೀವವು ಗಾಡಿಯ ಜೀವವಲ್ಲ, ಮೊದಲ ಒಡೆಯನ ಒಡೆತನದ ಜೀವ. ಮಹೀಂದ್ರದವರು ೨೦೨೪ರ ನವೆಂಬರಿನಲ್ಲಿ ಹೊರತಂದ ಎರಡು ಹೊಸ ಗಾಡಿಗಳಿಗೆ ಮೊದಲ ಖಾಸಗಿ ಒಡೆಯನಿಗೆ ಆಜೀವವೆಂದೂ, ಕೈಬದಲಾದರೆ ಹತ್ತು ವರ್ಷ ಅಥವಾ ಎರಡು ಲಕ್ಷ ಕಿಲೋಮೀಟರೆಂದೂ ಹೇಳಿದರು. ಎರಡನೆಯವನಿಗೂ ಇಷ್ಟಾದರೂ ಉಳಿಸಿದ್ದಕ್ಕಾಗಿ ಅವರನ್ನು ಮೆಚ್ಚಬೇಕು. ಆದರೂ ನ್ಯಾಯವನ್ನು ನೋಡಿದರೆ ಈ ಏರ್ಪಾಡು ತಲೆಕೆಳಗಾದುದು. ಹೊಸ ಗಾಡಿಯನ್ನು ಕೊಂಡವನಿಗೆ ಖಾತ್ರಿಯ ಅವಶ್ಯಕತೆ ಅತ್ಯಲ್ಪ, ಏಕೆಂದರೆ ಬ್ಯಾಟರಿಯು ಆಗ ಹೊಸದು. ಅವಶ್ಯಕತೆಯಿರುವುದು ಎರಡನೆಯವನಿಗೆ. ಬೇಕಾದಾಗ ಕೈಬಿಡುವ ಭರವಸೆಯನ್ನು ಭರವಸೆಯೆನ್ನುವುದು ಹೇಗೆ? ಆರನೆಯ ವರ್ಷದಲ್ಲಿ ಮಾರಹೊರಟ ಒಡೆಯನು ಗಾಡಿಯೊಡನೆ ಖಾತ್ರಿಯನ್ನೂ ಪೂರ್ಣವಾಗಿ ವರ್ಗಾಯಿಸಬಲ್ಲವನಾದರೆ, ಹಳೆಯ ಗಾಡಿಯ ಬೆಲೆಯು ಅದೇ ದಿನ ಏರುವುದು. ಮೊದಲ ನೆಕ್ಸಾನ್ ಗಾಡಿಗಳ ಎಂಟು ವರ್ಷಗಳ ಅವಧಿಯು ೨೦೨೮ರಲ್ಲಿ ಮುಗಿಯಹತ್ತುವುದು. ಆ ಹೊತ್ತಿಗೆ ಸಹಸ್ರಾರು ಸಂಸಾರಗಳಿಗೆ ಇದು ಮನೆಯ ಪ್ರಶ್ನೆಯಾಗುವುದು.

ಬ್ಯಾಟರಿಯನ್ನು ಕೊಳ್ಳದೆ ಬಾಡಿಗೆಗೆ ಪಡೆಯುವ ಉಪಾಯವೊಂದು ೨೦೨೪ರ ಸೆಪ್ಟೆಂಬರಿನಲ್ಲಿ ಬಂದಿತು. ಎಂ.ಜಿ. ಕಂಪೆನಿಯವರು ವಿಂಡ್ಸರ್ ಎಂಬ ಗಾಡಿಯನ್ನು ೯.೯೯ ಲಕ್ಷಕ್ಕೂ, ಬ್ಯಾಟರಿಯನ್ನು ಕಿಲೋಮೀಟರಿಗೆ ಮೂರೂವರೆ ರೂಪಾಯಿಯಂತೆಯೂ ಕೊಡುವೆವೆಂದರು. ಹೆಚ್ಚು ಓಡಾಡುವವನಿಗೆ ಮೂರೂವರೆಯ ಜೊತೆಗೆ ವಿದ್ಯುತ್ತಿನ ಖರ್ಚೂ ಸೇರಿದರೆ ಉಳಿತಾಯವು ತೆಳ್ಳಗಾಗುವುದು. ಇದರಿಂದ ಭಯದ ಹೊರೆಯು ಒಂದು ಹೆಗಲಿಂದ ಇನ್ನೊಂದಕ್ಕೆ ಹೋಯಿತೇ ಹೊರತು, ಕರಗಲಿಲ್ಲ.

ಉಳಿತಾಯದ ಮಾತು ಬಂದುದರಿಂದ ಒಂದು ಸ್ಥೂಲವಾದ ಲೆಕ್ಕ. ಮನೆಯ ದರದಲ್ಲಿ ಚಾರ್ಜುಮಾಡಿದರೆ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು ಖರ್ಚು. ಲೀಟರಿಗೆ ನೂರು ರೂಪಾಯಿಯ ಪೆಟ್ರೋಲಿನಲ್ಲಿ ಹದಿನೈದು ಕಿಲೋಮೀಟರು ಓಡುವ ಗಾಡಿಗೆ ಆರೂವರೆ. ವರ್ಷಕ್ಕೆ ೧೫,೦೦೦ ಕಿಲೋಮೀಟರು ಸುತ್ತುವ ವಕೀಲರಿಗೋ ವ್ಯಾಪಾರಿಗಳಿಗೋ ಎಂಭತ್ತು ಸಾವಿರ ರೂಪಾಯಿ ಉಳಿಯುವುದು. ಮರುಮಾರಾಟದಲ್ಲಿ ಎರಡು ಮೂರು ಲಕ್ಷ ಹೋದರೂ ಅವರು ಗೆದ್ದಂತೆಯೇ. ಮನೆಯಿಂದ ಕಚೇರಿಗೆ ಹೋಗಿ ಬಂದು ವರ್ಷಕ್ಕೆ ಐದು ಸಾವಿರ ದಾಟದ ಅಧಿಕಾರಿಗೆ ಉಳಿಯುವುದು ಇಪ್ಪತ್ತೇಳು ಇಪ್ಪತ್ತೆಂಟು ಸಾವಿರ. ಅವರು ಕಾದು ನೋಡುವುದು ತಪ್ಪಲ್ಲ. ಇಂಥ ನೇರವಾದ ಮಾತನ್ನು ಮಳಿಗೆಗಳಲ್ಲಿ ಹೇಳುವವರು ವಿರಳ.

ಈ ಪೇಟೆಗೆ ಸರಕಾರದವರ ತೆರಿಗೆಯು ಹಾಕುತ್ತಿರುವ ತೊಡಕು ವಿಚಿತ್ರವಾದುದು. ಹೊಸ ವಿದ್ಯುತ್ ಕಾರಿಗೆ ಜಿ.ಎಸ್.ಟಿ. ನೂರಕ್ಕೆ ೫; ೨೦೧೯ರಿಂದ ಹೀಗಿದೆ, ಶ್ಲಾಘನೀಯವೇ. ಆದರೆ ಲಿಥಿಯಂ ಬ್ಯಾಟರಿಯನ್ನು ಬೇರೆಯಾಗಿ ಕೊಂಡರೆ ನೂರಕ್ಕೆ ೧೮! ಮೂವತ್ತು ಯೂನಿಟ್ ಹಿಡಿಯುವ ಬ್ಯಾಟರಿಯೊಂದಕ್ಕೆ ಮೇಲೆ ಹೇಳಿದ ಜಾಗತಿಕ ದರದಂತೆ ಮೂರು ಲಕ್ಷಕ್ಕೆ ಸಮೀಪ ಬೆಲೆಯಾದರೆ, ತೆರಿಗೆಯೊಂದೇ ಐವತ್ತು ಸಾವಿರ ದಾಟುವುದು. ಅದೇ ಬ್ಯಾಟರಿಯು ಹೊಸ ಕಾರಿನೊಳಗೆ ಕುಳಿತು ಬಂದರೆ ಹದಿನೈದು ಸಾವಿರ. ಹಳೆಯ ಗಾಡಿಯನ್ನು ಉಳಿಸಿಕೊಳ್ಳಹೊರಟವನಿಗೆ ದಂಡ, ಹೊಸದನ್ನು ಕೊಳ್ಳುವವನಿಗೆ ರಿಯಾಯಿತಿ. ಇಷ್ಟು ಸಾಲದೆಂಬಂತೆ ೨೦೨೪ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಕೂಡಿದ ಜಿ.ಎಸ್.ಟಿ. ಮಂಡಲಿಯು, ವ್ಯಾಪಾರಿಗಳು ಮಾರುವ ಹಳೆಯ ವಿದ್ಯುತ್ ಕಾರುಗಳ ಲಾಭಾಂಶದ ಮೇಲಿನ ತೆರಿಗೆಯನ್ನು ೧೨ರಿಂದ ೧೮ಕ್ಕೆ ಏರಿಸಿತು. ತೆರಿಗೆಯು ಲಾಭಾಂಶದ ಮೇಲೆ ಮಾತ್ರವೆಂಬುದೂ, ಗೃಹಸ್ಥನು ಗೃಹಸ್ಥನಿಗೆ ನೇರವಾಗಿ ಮಾರಿದರೆ ಇಲ್ಲವೆಂಬುದೂ ನಿಜ. ಆದರೆ ಬ್ಯಾಟರಿಯನ್ನು ಪರೀಕ್ಷಿಸಿ, ಹೊಣೆ ಹೊತ್ತು ಮಾರಬೇಕಾದವನು ವ್ಯಾಪಾರಿಯೇ. ಇತ್ತ ೨೦೨೫ರ ಸೆಪ್ಟೆಂಬರ್ ೨೨ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆಯು ೧೮ಕ್ಕೆ ಇಳಿದಿರುವುದರಿಂದ ಎರಡಕ್ಕೂ ನಡುವಣ ಅಂತರವು ಕುಗ್ಗಿದೆ. ಪೆಟ್ರೋಲ್ ಕಾರಿನವನ ಅದೃಷ್ಟಕ್ಕೆ ನಾವು ಹೊಟ್ಟೆಕಿಚ್ಚು ಪಡುವುದಿಲ್ಲ. ಅಂತರವು ಕುಗ್ಗಿದಷ್ಟೂ ಮರುಮಾರಾಟದ ಬೆಲೆಯು ತಕ್ಕಡಿಯಲ್ಲಿ ಹೆಚ್ಚು ತೂಗುವುದೆಂಬುದಷ್ಟೇ ನಮ್ಮ ಮಾತು.

ಸಾಲ ಕೊಡುವವರ ಅಳುಕೂ ಇದರಲ್ಲಿ ಸೇರಿದೆ. ನೀತಿ ಆಯೋಗವು ೨೦೨೨ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿಯೇ, ಮರುಮಾರಾಟದ ಬೆಲೆಯ ಅನಿಶ್ಚಯವು ವಿದ್ಯುತ್ ವಾಹನಗಳ ಸಾಲಕ್ಕೆ ಅಡ್ಡಿಯೆಂಬುದನ್ನು ಒಪ್ಪಲಾಗಿದೆ. ಒತ್ತೆಯ ವಸ್ತುವಿನ ಬೆಲೆ ತಿಳಿಯದ ಸಾಹುಕಾರನು ಬಡ್ಡಿ ಏರಿಸದೆ ಇನ್ನೇನು ಮಾಡಿಯಾನು!

ಹೊರದೇಶಗಳನ್ನು ನೋಡೋಣ. ಜರ್ಮನಿಯವರು ೨೦೨೩ರ ಡಿಸೆಂಬರಿನಲ್ಲಿ ತಮ್ಮ ಸಹಾಯಧನವನ್ನು ದಿಢೀರನೆ ನಿಲ್ಲಿಸಿದರು. ಮರುವರ್ಷ ವಿದ್ಯುತ್ ಕಾರುಗಳ ಮಾರಾಟವು ನೂರಕ್ಕೆ ೨೭ರಷ್ಟು ಕುಸಿಯಿತು. ನಾರ್ವೆಯವರು ನಮ್ಮ ರೇವಾ ಹೊರಟ ೨೦೦೧ರಲ್ಲಿಯೇ ವಿದ್ಯುತ್ ಕಾರುಗಳನ್ನು ಮಾರಾಟದ ತೆರಿಗೆಯಿಂದ ಮುಕ್ತಗೊಳಿಸಿ, ಆ ನೀತಿಯನ್ನು ಎರಡು ದಶಕ ಕದಲಿಸದೆ ನಡೆಸಿದರು. ೨೦೨೪ರಲ್ಲಿ ಅಲ್ಲಿ ಮಾರಿದ ನೂರು ಹೊಸ ಕಾರುಗಳಲ್ಲಿ ೮೯ ವಿದ್ಯುತ್ತಿನವು. ನಾರ್ವೆ ಧನಿಕ ರಾಷ್ಟ್ರ, ನಾವು ಹಾಗಲ್ಲ. ಅಷ್ಟು ಹಣ ಸುರಿಯೆಂದು ಯಾರೂ ಕೇಳುತ್ತಿಲ್ಲ. ನಾವು ಕೇಳುವುದಕ್ಕೆ ಖಜಾನೆಯ ಹಣವೇ ಬೇಡ. ಅಂಗಡಿಯವನ ತಕ್ಕಡಿಗೂ ತೂಕದ ಕಲ್ಲಿಗೂ ಮುದ್ರೆಯೊತ್ತುವ ಸರಕಾರವು ಬ್ಯಾಟರಿಯ ಅಳತೆಗೂ ಮುದ್ರೆಯೊತ್ತಲಿ. ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆಯ ಚೀಟಿ ಬೇಕೆಂಬ ಕಟ್ಟಳೆಯಿದೆ. ಹೊಗೆಯಿಲ್ಲದ ಗಾಡಿಗೆ ಆ ಚೀಟಿ ಬೇಡ. ಅದರ ಬದಲು, ಕೈಬದಲಾಗುವಾಗ ಬ್ಯಾಟರಿಯ ಬಲವು ನೂರಕ್ಕೆ ಎಷ್ಟು ಉಳಿದಿದೆಯೆಂದು ಹೇಳುವ ಚೀಟಿಯೊಂದು ಇರಲಿ. ಪರೀಕ್ಷೆ ಮಾಡುವವರು ತಯಾರಕರ ಹಂಗಿಲ್ಲದವರಾಗಿರಲಿ. ಗಾಡಿಯ ಗಣಕವು ಅವರಿಗೆ ಬಾಯಿಬಿಡಬೇಕೆಂಬ ನಿಯಮವಾಗಲಿ. ಬದಲಿ ಬ್ಯಾಟರಿಯ ಬೆಲೆಯನ್ನು ಪ್ರತಿಯೊಂದು ಮಳಿಗೆಯ ಗೋಡೆಯ ಮೇಲೂ ಬರೆದು ತೂಗುಹಾಕಲಿ. ಖಾತ್ರಿಯು ಒಡೆಯನಿಗಲ್ಲದೆ ಗಾಡಿಗೆ ಅಂಟಿಕೊಂಡು ಬರಲಿ.

ಇದು ಅಸಾಧ್ಯವೆನ್ನುವವರಿಗೆ ನಿದರ್ಶನಗಳುಂಟು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದವರು ೨೦೨೬ರ ಮಾದರಿಯ ಗಾಡಿಗಳಿಂದ ಮೊದಲ್ಗೊಂಡು, ಬ್ಯಾಟರಿಯ ಉಳಿದ ಬಲವನ್ನು ಚಾಲಕನೇ ಓದಿಕೊಳ್ಳುವಂತೆ ತೋರಿಸಬೇಕೆಂದು ನಿಯಮ ಮಾಡಿದ್ದಾರೆ. ಯೂರೋಪಿನವರ ಹೊಸ ನಿಯಮವು ಐದು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರಿನವರೆಗೆ ಬ್ಯಾಟರಿಯು ನೂರರಲ್ಲಿ ೮೦ ಪಾಲು ಬಲವನ್ನು ಉಳಿಸಿಕೊಂಡಿರಬೇಕೆಂದು ವಿಧಿಸಿದೆ. ಅದಲ್ಲದೆ ೨೦೨೭ರ ಫೆಬ್ರವರಿ ೧೮ರಿಂದ ಅಲ್ಲಿ ಮಾರುವ ಪ್ರತಿಯೊಂದು ವಿದ್ಯುತ್ ಕಾರಿನ ಬ್ಯಾಟರಿಗೂ ಅದರ ಹುಟ್ಟು, ಘಟಕಗಳು, ಆರೋಗ್ಯ ಇವನ್ನೆಲ್ಲ ಹೇಳುವ ಪಾಸ್‌ಪೋರ್ಟ್ ಇರಬೇಕೆಂಬುದು ಕಟ್ಟಳೆ. ಇಂಥ ಪಾಸ್‌ಪೋರ್ಟಿನ ಮಾತು ದೆಹಲಿಯಲ್ಲಿಯೂ ಎದ್ದಿದೆ. ಮಾತು ಶಾಸನವಾಗಲು ನಮ್ಮಲ್ಲಿ ಎಷ್ಟು ಕಾಲ ಹಿಡಿಯುವುದೆಂಬುದು ವಾಚಕರಿಗೆ ಹೊಸದಲ್ಲ. ೨೦೨೫ರ ಆಗಸ್ಟಿನಲ್ಲಿ ಗುಜರಾತಿನ ಹನ್ಸಲ್‌ಪುರದ ಕಾರಖಾನೆಯಿಂದ ಮಾರುತಿ ಸುಝುಕಿಯವರ ಇ-ವಿಟಾರಾ ಕಾರುಗಳು ಯೂರೋಪಿಗೆ ಹೊರಟವು. ಪ್ರಧಾನಮಂತ್ರಿಗಳೇ ಬಾವುಟ ಬೀಸಿದರು. ಆ ಕಾರಖಾನೆಯಲ್ಲಿ ಒಂದೇ ದಿನ ಸಿದ್ಧವಾದ ಎರಡು ಗಾಡಿಗಳಲ್ಲಿ ಹಡಗು ಹತ್ತುವ ಒಂದಕ್ಕೆ ಬರುವ ವರ್ಷದಿಂದ ಬ್ಯಾಟರಿಯ ಪಾಸ್‌ಪೋರ್ಟ್ ಇರಲೇಬೇಕು. ಹುಬ್ಬಳ್ಳಿಗೋ ಮೈಸೂರಿಗೋ ಬರುವ ಇನ್ನೊಂದಕ್ಕೆ ಅದು ಏಕೆ ಬೇಡವೆಂಬುದನ್ನು ರಸ್ತೆ ಸಾರಿಗೆಯ ಸಚಿವಾಲಯದವರು ಹೇಳಬೇಕು.